ಹವಾಲ್ದಾರನ ಮಗಳು ಯಾವ ದೇಶದವಳು?

ಆ ಮನೆಯಲ್ಲಿ ಜಗಳವಿಲ್ಲದೆ ಊಟ ಮುಗಿದ ದಿನಗಳು ಮೊದಲೂ ಕಡಿಮೆಯೇ. ಉಪ್ಪು ಹೆಚ್ಚಾಯಿತು, ಮೀನು ಚಿಕ್ಕದಾಯಿತು, ಸೌದೆ ಹಸಿಯಿದೆ ಎಂದು ಕೂಗಾಡುತ್ತಿದ್ದರು. ಅಂಥ ಜಗಳ ತಟ್ಟೆ ತೊಳೆಯುವ ಹೊತ್ತಿಗೆ ಆರಿಹೋಗುತ್ತಿತ್ತು. ಮಗ ಉದೋಮ್ ಯುವಸೇನೆಗೆ ಸೇರಿ ಖಾಕಿ ತೊಟ್ಟ ಮೇಲೆ ಜಗಳವೆಲ್ಲ ದೇಶದ ಮೇಲೆ ತಿರುಗಿತು. ಈ ಜಗಳ ಮಾತ್ರ ಮುಗಿಯುವಂಥದ್ದಲ್ಲ ಎಂದು ಅವನ ತಾಯಿ ಲಮುನ್‌ಗೆ ಬೇಗ ಗೊತ್ತಾಯಿತು.

ಥಾಯ್ ದೇಶದ ಥಾ ಮಖಾಮ್ ಪೇಟೆಯಲ್ಲಿ ದೋಣಿಕಟ್ಟೆಗೆ ಮುಖ ಮಾಡಿದ ಮರದ ಮನೆ ಅವರದು. ಮುಂದೆ ಕ್ಷೌರದಂಗಡಿ, ಹಿಂದೆ ಅಡಿಗೆಮನೆ, ಮೇಲೆ ಮಲಗುವ ಜಾಗ. ಅಂಗಡಿ ಗಂಡ ಕಿಮ್ ಲೆಂಗ್‌ನದು. ಮೀಸೆ ಮೂಡುವ ಮುಂಚೆಯೇ ಚೀನಾದ ಸ್ವಾತೌ ಬಂದರಿನಲ್ಲಿ ಹಡಗು ಹತ್ತಿ ಬಂದವನು, ಕತ್ತಿ ಕತ್ತರಿ ಬಿಟ್ಟು ಇನ್ನೊಂದು ಕಸುಬು ಮಾಡಿದವನಲ್ಲ. ಟವೆಲು ಕುದಿಸುವುದು, ನೊರೆ ಕಲಸುವುದು, ಕೂದಲು ಗುಡಿಸುವುದು ಲಮುನ್‌ಳ ಪಾಲು. ಜೊತೆಗೆ ಅವಳ ಅಪ್ಪ ಪೂನ್ ಇದ್ದ. ಹಳೆಯ ಮಹಾರಾಜರ ಕಾವಲು ಪಡೆಯಲ್ಲಿ ಹವಾಲ್ದಾರನಾಗಿದ್ದವನು. ಹತ್ತು ವರ್ಷದ ಕೆಳಗೆ ಅಧಿಕಾರಿಗಳ ಒಂದು ಗುಂಪು ಅರಮನೆಯ ಕೈಯಿಂದ ಆಡಳಿತ ಕಿತ್ತುಕೊಂಡಾಗ ಮುದುಕನ ಕೆಲಸವೂ ಹೋಗಿತ್ತು. ಅಂದಿನಿಂದ ಅಳಿಯನ ಅನ್ನ ತಿನ್ನುತ್ತ, ಅಳಿಯನನ್ನೇ ಬಯ್ಯುತ್ತ ಕಾಲ ತಳ್ಳುತ್ತಿದ್ದ.

ಬೆಳಿಗ್ಗೆ ಎಂಟಕ್ಕೆ ತಾಲ್ಲೂಕು ಕಚೇರಿಯ ರೇಡಿಯೋದಲ್ಲಿ ಧ್ವಜದ ಹಾಡು ಬರುತ್ತಿತ್ತು. ಪೇಟೆಯವರೆಲ್ಲ ಇದ್ದಲ್ಲೇ ಎದ್ದು ನಿಲ್ಲಬೇಕು.

"ಏಳಿ, ಏಳಿ! ಬಾವುಟ ಏರ್ತಾ ಇದೆ!" ಉದೋಮ್ ಚಮಚ ಬಿಸಾಕಿ ನೆಟ್ಟಗೆ ನಿಂತ.

ಕಿಮ್ ಲೆಂಗ್ ಗಂಜಿಯನ್ನು ಸೊರ್ರೆಂದು ಎಳೆದುಕೊಂಡ. "ಬಿಸಿ ಆರೋಗತ್ತೆ."

"ಅಪ್ಪಾ, ನೀವು ತಿಂತಿರೋ ಅನ್ನ ಈ ದೇಶದ್ದು."

"ಅಕ್ಕಿ ನಾನು ದುಡಿದು ತಂದಿದ್ದು ಕಣೋ ಸೆಂಗ್."

"ಸೆಂಗ್ ಅಲ್ಲ, ಉದೋಮ್. ಉದೋಮ್ ರಕ್‌ಥಾಯ್."

"ಓಹೋ! ನಿಮ್ಮಪ್ಪನ ಮನೆತನದ ಹೆಸರು ಟಾನ್. ಅದನ್ನ ಯಾವ ಚರಂಡೀಲಿ ಬಿಟ್ಟು ಬಂದೆ?"

ಉದೋಮ್ ಮುದುಕನ ಕಡೆ ತಿರುಗಿದ. "ತಾತಾ, ನೀವಾದ್ರೂ ಏಳಿ."

"ನಾನು ಮಹಾರಾಜರ ಹಾಡಿಗೆ ಎದ್ದು ನಿಂತವನು. ಈ ಕಚೇರಿ ಬಾಬುಗಳ ಹಾಡಿಗೆ ನನ್ನ ಮಂಡಿ ಬಗ್ಗಲ್ಲ."

"ಬಗ್ಗೋದಲ್ಲ ತಾತಾ, ನೆಟ್ಟಗಾಗೋದು."

"ಅದೂ ಆಗಲ್ಲ."

"ಅಮ್ಮಾ!"

ಲಮುನ್ ಒಲೆಯ ಮುಂದೆ ಮೀನು ಮಗುಚುತ್ತಿದ್ದಳು. "ನಾನು ಕೋಳಿ ಕೂಗಿದಾಗಿಂದ ಎದ್ದೇ ನಿಂತಿದ್ದೀನಿ. ನನ್ನನ್ನ ಲೆಕ್ಕಕ್ಕೆ ಹಿಡ್ಕೊ."

ಹಾಡು ಮುಗಿದ ಮೇಲೆ ಉದೋಮ್ ಕೂತು ಇನ್ನೊಂದು ಮಾತು ತೆಗೆದ. "ನಾಳೆಯಿಂದ ಮಧ್ಯಾಹ್ನಕ್ಕೆ ಅಕ್ಕಿ ಶಾವಿಗೆ ಸಾರು ಮಾಡಮ್ಮ. ಥಾಯ್ ಜನ ಎಲ್ಲ ದಿನಕ್ಕೊಂದು ಬಟ್ಟಲು ತಿನ್ನಬೇಕು ಅಂತ ನಾಯಕರು, ನಮ್ಮ ಪ್ರಧಾನಿಗಳು, ಹೇಳಿದ್ದಾರೆ. ದೇಶ ಗಟ್ಟಿಯಾಗತ್ತೆ."

ಕಿಮ್ ಲೆಂಗ್ ನಕ್ಕ ರಭಸಕ್ಕೆ ಗಂಜಿ ನೆತ್ತಿಗೇರಿತು. "ನಮ್ಮಜ್ಜಿ ಮಾಡ್ತಿದ್ದ ತಿಂಡೀನ ನಿಮ್ಮ ನಾಯಕರು ದೇಶಭಕ್ತಿ ಮಾಡ್ಬಿಟ್ರಾ? ಹಾಗಾದ್ರೆ ನಮ್ಮಜ್ಜಿಗೊಂದು ಪದಕ ಕೊಡಿಸು."

"ಚೀನಾದ ಅಜ್ಜಿಗೆ ಪದಕವಂತೆ," ಎಂದು ಮುದುಕ ಮೂಗು ಮುರಿದ. "ಆ ಕಾಲದಲ್ಲಿ ಮಹಾರಾಜರೇ ಹೇಳಿದ್ದರು, ಇವರನ್ನ ನಂಬಬೇಡಿ ಅಂತ. ನನ್ನ ಮಗಳು ಕಿವಿಗೆ ಹಾಕ್ಕೊಳ್ಳಲಿಲ್ಲ."

"ಮಾವ, ಆ ಮೀನಿನ ತಲೆ ನೀವು ತಿನ್ನಲ್ವಾ? ನನಗೆ ಕೊಡಿ. ನಂಬದವನ ಮನೆ ಮೀನು ಯಾಕೆ ನಿಮಗೆ."

ಮುದುಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಲಮುನ್‌ಗೆ ಮೈ ಉರಿಯುತ್ತಿತ್ತು. ಈ ಮೂವರ ಮೂರು ದೇಶಕ್ಕೂ ಗಂಜಿ ಕಾಯಿಸುವವಳು ಅವಳು. ಮಗ ಮೊನ್ನೆ ತಾನೇ ಅವಳ ಎಲೆಯಡಿಕೆ ತಟ್ಟೆಯನ್ನು ಹೊಳೆಗೆ ಎಸೆದು ಬಂದಿದ್ದ. ಕಪ್ಪು ಹಲ್ಲಿನ ಹೆಂಗಸರಿದ್ದರೆ ಹೊರದೇಶದವರು ನಮ್ಮನ್ನು ಕಾಡುಜನ ಅಂತಾರೆ ಎಂದು ಅವನ ವಾದ. ಕೂದಲು ಉದ್ದ ಬಿಡು, ಕಚ್ಚೆ ಬಿಟ್ಟು ಲಂಗ ಉಡು, ಟೋಪಿಯಿಲ್ಲದೆ ಹೊಸ್ತಿಲು ದಾಟಬೇಡ ಎಂದು ದಿನಕ್ಕೊಂದು ಪಾಠ. ಅವಳ ತಾಯಿ, ಅಜ್ಜಿ ಎಲ್ಲರೂ ಗಂಡಸರಂತೆ ಮೋಟುಗೂದಲಿನಲ್ಲೇ ಬಾಳಿ ಸತ್ತವರು. ಅವರೆಲ್ಲ ಥಾಯ್ ಅಲ್ಲದೆ ಮತ್ತೇನು ಎಂದು ಕೇಳಿದರೆ, "ಅವರು ಹಳೇ ಥಾಯ್" ಎಂದ.

ಗಂಡನದು ಇನ್ನೊಂದು ಬಗೆ. ಚೀನಾದಲ್ಲಿ ಜಪಾನಿಗಳ ಮೇಲೆ ಯುದ್ಧ ನಡೆದಿದೆ, ವಿಮಾನ ಕೊಳ್ಳಬೇಕು ಎಂದು ಅವನ ಊರಿನವರು ಕದ್ದುಮುಚ್ಚಿ ಚಂದಾ ಎತ್ತುತ್ತಿದ್ದರು. ಅಡಿಗೆಮನೆಯ ಸೂರು ಸೋರುವುದನ್ನು ಎರಡು ಮಳೆಗಾಲದಿಂದ ರಿಪೇರಿ ಮಾಡಿಸದವನು ವಿಮಾನಕ್ಕೆ ಮಾತ್ರ ಕೈಬಿಚ್ಚಿ ಕೊಟ್ಟಿದ್ದ. ಈಗ ಇಲ್ಲಿನ ಸರ್ಕಾರ ಜಪಾನಿಗಳ ಜೊತೆ ಸೇರಿದ್ದರಿಂದ ಅವರ ಸೈನಿಕರು ಪೇಟೆಗೇ ಬಂದು, ನಗುತ್ತ ಅವನ ಕುರ್ಚಿಯಲ್ಲೇ ಕೂತು ಗಡ್ಡ ಬೋಳಿಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಕಿಮ್ ಲೆಂಗ್ ಕತ್ತಿಯನ್ನು ಕುದಿಯುವ ನೀರಿಗೆ ಹಾಕಿ ಅಂಗಳದಲ್ಲಿ ಉಗಿದು ಬರುತ್ತಿದ್ದ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಕಚೇರಿಯ ಜವಾನ ಬಂದು ಅಂಗಡಿಯ ಕನ್ನಡಿಗೇ ಗೋಂದು ಬಳಿದು ಒಂದು ಹಾಳೆ ಅಂಟಿಸಿಹೋದ. ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಅಕ್ಕಿ ಗಿರಣಿಯ ಮೇಸ್ತ್ರಿ ಅದನ್ನು ಗಟ್ಟಿಯಾಗಿ ಓದಿದ. ಇನ್ನು ಮುಂದೆ ಕೆಲವು ಕಸುಬುಗಳು ಥಾಯ್ ಪ್ರಜೆಗಳಿಗೆ ಮಾತ್ರ. ಪಟ್ಟಿಯಲ್ಲಿ ಕ್ಷೌರವೂ ಇತ್ತು. ಹೊರದೇಶದವರು ಮೂರು ತಿಂಗಳೊಳಗೆ ಅಂಗಡಿ ಮುಚ್ಚಬೇಕು.

ಮೇಸ್ತ್ರಿ ಓದಿ ಮುಗಿಸಿ, "ಉಳಿದ ಅರ್ಧ ಬೋಳಿಸ್ತೀಯ ತಾನೇ?" ಎಂದ. ಕಿಮ್ ಲೆಂಗ್ ಬೋಳಿಸಿದ. 

ಸಂಜೆ ಉದೋಮ್ ಕವಾಯತು ಮುಗಿಸಿ ಬಂದಾಗ ಲಮುನ್ ಹಾಳೆಯತ್ತ ಕೈ ತೋರಿಸಿದಳು. ಅವನು ಅದನ್ನು ಓದಲೇ ಇಲ್ಲ.

"ಗೊತ್ತಮ್ಮ. ಹೋದ ವಾರ ಮೈದಾನದಲ್ಲಿ ಭಾಷಣ ಇತ್ತಲ್ಲ, ಅವತ್ತೇ ಹೇಳಿದ್ರು."

"ಗೊತ್ತಿದ್ದೂ ಮನೇಲಿ ಬಾಯಿ ಬಿಡಲಿಲ್ವಾ?"

"ಏನಂತ ಹೇಳಲಿ?"

"ಅವರು ಹೇಳ್ದಾಗ ನೀನು ಏನು ಮಾಡ್ದೆ?"

ಉದೋಮ್ ಟೋಪಿ ತೆಗೆದು ಅದರ ಅಂಚನ್ನು ತಿರುಗಿಸುತ್ತ ನಿಂತ. "ಎಲ್ರೂ ಚಪ್ಪಾಳೆ ತಟ್ಟಿದ್ರು."

"ನೀನು?"

"...ನಾನೂ ತಟ್ಟಿದೆ."

ಲಮುನ್‌ಳ ಕೈಯಲ್ಲಿದ್ದ ಸೌಟು ಗೋಡೆಗೆ ಬಡಿದು ಒಲೆಯ ಹಿಂದೆ ಬಿತ್ತು. "ನಿಮ್ಮಪ್ಪನ ಹೊಟ್ಟೆ ಮೇಲೆ ಹೊಡೀತೀವಿ ಅಂದ್ರೆ ಚಪ್ಪಾಳೆ ತಟ್ಟಿದ್ಯಾ? ಈ ಖಾಕಿ ಬಟ್ಟೆ ಯಾವ ದುಡ್ಡಲ್ಲಿ ಹೊಲಿಸಿದ್ದು ಕಣೋ? ಯಾರ ತಲೆ ಬೋಳಿಸಿ ಬಂದ ದುಡ್ಡು?"

"ಅಮ್ಮಾ, ದೇಶದಲ್ಲಿ ಥಾಯ್ ಜನಕ್ಕೇ ಕೆಲಸ ಇಲ್ಲ. ಅವರು ಹೇಳೋದ್ರಲ್ಲಿ ತಪ್ಪೇನಿದೆ?"

"ಬಿಡು, ಹುಡುಗ ಸರಿಯಾಗೇ ಹೇಳ್ತಾನೆ," ಎಂದು ಮುದುಕ ಜಗಲಿಯಿಂದ ದನಿಗೂಡಿಸಿದ. ನಾಯಕನ ಒಂದೊಂದು ಮಾತಿಗೂ ಉಗಿಯುತ್ತಿದ್ದ ತಾತ, ಚೀನೀಯರ ಮಾತು ಬಂದ ಕೂಡಲೇ ಮೊಮ್ಮಗನ ಪಕ್ಷ ಸೇರಿಬಿಟ್ಟ. ತನ್ನ ಅಡಿಗೆಯ ವಿಷಯದಲ್ಲಿ ಒಂದಾಗದ ಗಂಡಸರು ಇದರಲ್ಲಿ ಒಂದಾದದ್ದನ್ನು ನೋಡಿ ಲಮುನ್ ರಾತ್ರಿ ಒಲೆ ಹಚ್ಚಲಿಲ್ಲ. ಮೂವರೂ ತಣ್ಣನೆಯ ಅನ್ನಕ್ಕೆ ಮೀನಿನ ಸಾರು ಸುರಿದುಕೊಂಡು ತಿಂದರು.

ಹಸಿವಿನಲ್ಲೇ ಅವಳಿಗೊಂದು ಉಪಾಯ ಹೊಳೆಯಿತು. ಅಂಗಡಿ ತನ್ನ ಹೆಸರಿಗೆ ಮಾಡಿಸಿದರಾಯಿತು! ಉದೋಮ್‌ಗೆ ಇಲ್ಲೇ ಹುಟ್ಟಿ ಥಾಯ್ ಪ್ರಜೆಯಾಗಿದ್ದರೂ ಇಪ್ಪತ್ತು ತುಂಬಿಲ್ಲ, ಪರವಾನಗಿ ಕೊಡುವುದಿಲ್ಲ. ತನಗೇನು ಅಡ್ಡಿ? ತಾನು ಹವಾಲ್ದಾರನ ಮಗಳು. ಮರುದಿನ ನೆರೆಮನೆಯವಳ ಹುಲ್ಲಿನ ಟೋಪಿ ಎರವಲು ತಂದು, ಟೋಪಿಯಿಲ್ಲದವರನ್ನು ಕಚೇರಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲವಲ್ಲ, ಅದನ್ನು ಮೋಟುಗೂದಲಿನ ಮೇಲೆ ಅದುಮಿಕೊಂಡು ಹೊರಟಳು.

ಗುಮಾಸ್ತ ಸಣ್ಣ ವಯಸ್ಸಿನವನು. ಮರ್ಯಾದೆಯಾಗಿಯೇ ಮಾತಾಡಿಸಿದ.

"ಗಂಡನ ಹೆಸರು?"

"ಕಿಮ್ ಲೆಂಗ್. ಕ್ಷೌರದಂಗಡಿ."

ಅವನು ಲೇಖನಿ ಕೆಳಗಿಟ್ಟ. "ಹಾಗಾದ್ರೆ ಪರವಾನಗಿ ಬರಲ್ಲಮ್ಮ. ನೀವು ಚೀನಾದವರು."

ಲಮುನ್ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. "ಯಾರು, ನಾನಾ?"

"ಹೊರದೇಶದವನನ್ನ ಕಟ್ಕೊಂಡ ಹೆಂಗಸು ಗಂಡನ ದೇಶದವಳಾಗ್ತಾಳೆ. ಕಾನೂನು."

"ನಮ್ಮಪ್ಪ ಮಹಾರಾಜರ ಕಾವಲು ಪಡೆ ಹವಾಲ್ದಾರ. ನಾನು ಹುಟ್ಟಿದ್ದು ಈ ಪೇಟೆ ಹಿಂದುಗಡೆ ಬೀದೀಲಿ. ಚೀನಾ ಭಾಷೇಲಿ ನನಗೆ ಬೈಗುಳ ಬಿಟ್ರೆ ಒಂದು ಮಾತು ಬರಲ್ಲ!"

"ಇರಬಹುದು."

"ಥಾಯ್ ಗಂಡಸು ಚೀನಾದವಳನ್ನ ಕಟ್ಕೊಂಡ್ರೆ ಅವನೂ ಚೀನಾದವನಾಗ್ತಾನಾ?"

"ಇಲ್ಲ. ಅವನು ಥಾಯ್. ಅವಳೂ ಥಾಯ್ ಆಗ್ತಾಳೆ."

"ಅಂದ್ರೆ ಗಂಡಸು ಎಲ್ಲಿ ಕಾಲಿಟ್ರೂ ಅವನ ದೇಶ. ಹೆಂಗಸು ಕಾಲಿಟ್ಟಲ್ಲೆಲ್ಲ ಅವಳ ದೇಶ ಬಿದ್ದುಹೋಗತ್ತೆ. ಸರಿ ಸ್ವಾಮಿ, ಇದನ್ನ ಬರೆದವರ ಮನೇಲಿ ಹೆಂಗಸರಿರಲಿಲ್ವಾ?"

ಗುಮಾಸ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದು ದಾರಿ ಇದೆಯಮ್ಮ. ಬಿಡುಗಡೆ ಪತ್ರ ಮಾಡಿಸಿ. ಗಂಡನ್ನ ಬಿಟ್ಟ ಹೆಂಗಸು ಅರ್ಜಿ ಹಾಕಿದ್ರೆ ಮತ್ತೆ ಥಾಯ್ ಆಗ್ತಾಳೆ. ಪರವಾನಗಿ ನಿಮ್ಮ ಹೆಸರಲ್ಲಿದ್ರೆ, ಒಳಗೆ ಕತ್ತರಿ ಯಾರು ಹಿಡೀತಾರೆ ಅಂತ ನೋಡೋಕೆ ನಾನಂತೂ ಬರಲ್ಲ."

ಅವಳು ಮನೆಗೆ ಬಂದವಳೇ ಟೋಪಿಯನ್ನು ಕಿತ್ತೆಸೆದು ನಡೆದದ್ದನ್ನೆಲ್ಲ ಹೇಳಿದಳು. ಮೂವರಲ್ಲಿ ಒಬ್ಬನಾದರೂ ಥೂ ಎಂದು ಉಗಿಯುತ್ತಾನೆ ಎಂದುಕೊಂಡಿದ್ದಳು. ಮೂವರೂ ಯೋಚನೆಗೆ ಬಿದ್ದರು.

"ಇದೇ ಸರಿ," ಎಂದ ಉದೋಮ್ ಮೊದಲು. "ಬರೀ ಶಾಯಿ ತಾನೇ ಅಮ್ಮ. ಮನೆ ಹೀಗೇ ಇರತ್ತೆ, ಅಂಗಡಿ ಹೀಗೇ ಇರತ್ತೆ. ನೀನು ಮತ್ತೆ ಥಾಯ್ ಆಗ್ತೀಯ."

"ಮತ್ತೆ ಆಗೋದೇನೋ? ನಾನು ಯಾವಾಗ ಬಿಟ್ಟಿದ್ದೆ?"

ಮುದುಕ ಕಣ್ಣರಳಿಸಿದ. "ಇಪ್ಪತ್ತು ವರ್ಷದಿಂದ ನಾನು ಬೇಡ್ಕೊಂಡಿದ್ದನ್ನ ಈ ದರಿದ್ರ ಸರ್ಕಾರ ಮಾಡಿಸ್ತಿದೆ ಅಂದ್ರೆ, ಜೀವನದಲ್ಲಿ ಮೊದಲ್ನೇ ಸಲ ಅದಕ್ಕೊಂದು ನಮಸ್ಕಾರ."

ಲಮುನ್ ಗಂಡನ ಮುಖ ನೋಡಿದಳು. ಚೀನೀ ಗಂಡಸರನ್ನು ಎಲ್ಲರೂ ಕರೆಯುವಂತೆ ಅವಳೂ ಅವನನ್ನು ಹಿಯಾ ಎಂದೇ ಕರೆಯುತ್ತಿದ್ದಳು. "ಹಿಯಾ, ನೀನೇನಂತೀಯ?"

ಕಿಮ್ ಲೆಂಗ್ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದ. "ಮಾಡ್ಸು. ಯುದ್ಧ ಮುಗಿದ ಮೇಲೆ ನಮ್ಮ ದೇಶ ಎದ್ದು ನಿಲ್ಲತ್ತೆ. ಆಗ ಈ ಹಾಳೆಗಳನ್ನೆಲ್ಲ ಹರಿದು ಹಾಕಿ ಊರಿಗೆ ಹೋಗೋಣ."

"ಯಾವ ಊರಿಗೆ? ನಾನು ನೋಡದೇ ಇರೋ ಊರಿಗಾ? ನೀನೇ ನೋಡಿ ಎಷ್ಟು ವರ್ಷ ಆಯ್ತು?"

ಅವನು ಕತ್ತಿ ಮಸೆಯುತ್ತಲೇ ಇದ್ದ. ಅಲಗೇ ಸವೆದುಹೋಗುವಷ್ಟು ಹೊತ್ತು ಮಸೆದ ಎಂದು ಅವಳಿಗೆ ಅನ್ನಿಸಿತು, ಅಂಥ ಸಿಟ್ಟು ಬಂದಿತ್ತು ಅವಳಿಗೆ. ಆಗೋದಿಲ್ಲ ಎಂದು ಒಂದು ಮಾತು ಅಂದಿದ್ದರೆ ಅವಳೇ ಸಮಾಧಾನ ಹೇಳಿ, ಅಂಗಡಿ ಉಳಿಸಿಕೊಳ್ಳೋಣ ಬಾ ಎಂದು ಕರೆದುಕೊಂಡು ಹೋಗುತ್ತಿದ್ದಳು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಅದೇ ಮಾತು. ಉದೋಮ್ ಕಚೇರಿಗೆ ಓಡಾಡಿ ದಿನ ಗೊತ್ತು ಮಾಡಿಸಿದ. ಮುದುಕ ಸಾಕ್ಷಿ ಹಾಕಲು ತಾನೇ ಬರುತ್ತೇನೆಂದು ಹಳೆಯ ಸಮವಸ್ತ್ರದ ಕೋಟನ್ನು ಬಿಸಿಲಿಗೆ ಹಾಕಿದ. ಗಿರಾಕಿಗಳು ಕುರ್ಚಿಯಲ್ಲಿ ಕೂತೇ ಗೇಲಿ ಮಾಡತೊಡಗಿದರು.

"ಏನಮ್ಮ ಲಮುನ್, ಬಿಟ್ಟ ಮೇಲೆ ಇವನಿಗೆ ಬಾಡಿಗೆ ಹಾಕ್ತೀಯಾ?" ಎಂದು ಗಿರಣಿಯ ಮೇಸ್ತ್ರಿ ಕೇಳಿದ.

"ಹಾಕ್ತೀನಿ. ನಿನ್ನ ತಲೆ ಬೋಳಿಸೋಕೆ ಎರಡರಷ್ಟು ಹಾಕ್ತೀನಿ. ಸುಮ್ನೆ ಕೂತ್ಕೊ, ಕಿವಿ ಹೋದೀತು."

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕಿಮ್ ಲೆಂಗ್ ಕುರ್ಚಿಯನ್ನು ಒರೆಸಿ, "ಕೂತ್ಕೊ ಮುನ್, ಕೂದಲು ಬೆಳೆದಿದೆ," ಎಂದ. ತಿಂಗಳಿಗೊಂದು ಸಲ ಅವಳ ಕೂದಲು ಕತ್ತರಿಸುತ್ತಿದ್ದವನು ಅವನೇ. ಅವಳು ಕೂತಳು. ಅವನ ಬೆರಳು ಎಂದಿನಂತೆ ಕಿವಿಯನ್ನು ಮೆಲ್ಲಗೆ ಮಡಿಸಿ ಹಿಡಿಯಿತು.

"ಬೇಜಾರು ಮಾಡ್ಕೊಂಡಿದ್ದೀಯ."

"ಬೇಜಾರಲ್ಲ, ಸಿಟ್ಟು."

"ನಾನು ಏನು ಮಾಡಲಿ ಹೇಳು. ನನಗೆ ಇದು ಬಿಟ್ರೆ ಏನೂ ಬರಲ್ಲ. ನಿಮ್ಮಪ್ಪನ್ನ, ಆ ಹುಡುಗನ್ನ, ನಿನ್ನನ್ನ ಸಾಕ್ತಿರೋದು ಈ ಕತ್ತರಿ."

"ಕತ್ತರಿ ಉಳಿಸ್ಕೊಳ್ಳೋಕೆ ನನ್ನನ್ನ ಬಿಡ್ತೀಯ."

"ಶಾಯಿ ಅಷ್ಟೇ ಅಂದ್ನಲ್ಲ ಹುಡುಗ."

"ನಿಮ್ಮ ಮೂವರಿಗೂ ಶಾಯಿ ಅಷ್ಟೇ. ಬಿಡೋದು ನನ್ನ ಒಬ್ಬಳನ್ನೇ ಆದ್ರಿಂದ." ಅವಳು ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಟವೆಲು ಕುದಿಸಲು ಹೋದಳು. ಅವನು ಸಂಜೆ ಅಡಿಗೆಮನೆಗೇ ಬಂದು, ಅವಳು ಸೊಪ್ಪು ಸೋಸುತ್ತಿದ್ದಂತೆಯೇ ಹಿಂದೆ ನಿಂತು ಉಳಿದದ್ದನ್ನು ಕತ್ತರಿಸಿದ. 

ಗೊತ್ತಾದ ದಿನ ನಾಲ್ವರೂ ಕಚೇರಿಗೆ ಹೋದರು. ಗುಮಾಸ್ತ ಎರಡು ದಪ್ಪ ಪುಸ್ತಕಗಳ ಹಿಂದೆ ಕೂತಿದ್ದ.

"ಮದುವೆ ಪತ್ರ ಕೊಡಿ."

ನಾಲ್ವರೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ವರ್ಷದ ಕೆಳಗೆ ಲಮುನ್ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿ ಬಂದಿದ್ದಳು. ಚೀನಾ ಗುಡಿಯ ಹಿರಿಯರಿಗೆ ಚಹಾ ಕೊಟ್ಟು ತಲೆ ಬಾಗಿದರು, ಮದುವೆಯಾಯಿತು. ಪೂನ್ ಬಂದಿರಲಿಲ್ಲ.

"ಪತ್ರ ಎಲ್ಲಿತ್ತು ಸಾಹೇಬ್ರೆ ಆಗ?" ಎಂದ ಕಿಮ್ ಲೆಂಗ್.

"ಪತ್ರ ಇಲ್ಲದ ಮದುವೆಗೆ ಬಿಡುಗಡೆ ಕೊಡೋಕಾಗಲ್ಲ."

ಉದೋಮ್ ಮುಂದೆ ಬಂದ. "ಹಾಗಾದ್ರೆ ಇನ್ನೂ ಸುಲಭ ಅಲ್ವಾ ಸಾರ್? ಮದುವೆನೇ ಆಗಿಲ್ಲ ಅಂತ ಬರೀರಿ. ಅಮ್ಮ ಥಾಯ್ ಆಗೇ ಉಳೀತಾಳೆ."

"ಇಪ್ಪತ್ತು ವರ್ಷ ಒಂದೇ ಮನೇಲಿದ್ದಾರೆ, ನೀನು ಎದುರಿಗೆ ನಿಂತಿದ್ದೀಯ. ದೇಶ ಕಳ್ಕೊಳ್ಳೋಕೆ ಅಷ್ಟು ಮದುವೆ ಸಾಕು. ಬಿಡುಗಡೆಗೆ ಸಾಲಲ್ಲ." ಗುಮಾಸ್ತ ಅವನ ಖಾಕಿಯನ್ನು ಮೇಲಿಂದ ಕೆಳಗೆ ನೋಡಿದ. "ಮದುವೆನೇ ಆಗಿಲ್ಲ ಅಂತ ಬರೆದ್ರೆ ನಿನ್ನನ್ನ ಏನಂತ ಬರೀಬೇಕಾಗತ್ತೆ, ಯೋಚನೆ ಮಾಡಿದ್ಯಾ?"

ಉದೋಮ್‌ನ ಮುಖ ಕೆಂಪಾಯಿತು. ಮುದುಕ ಕೆಮ್ಮಿದ.

"ಒಂದು ಕೆಲಸ ಮಾಡಿ," ಎಂದ ಗುಮಾಸ್ತ. "ಈ ಪುಸ್ತಕದಲ್ಲಿ ಮೊದಲು ಮದುವೆ ಆಗ್ಬಿಡಿ. ಆಮೇಲೆ ಆ ಪುಸ್ತಕದಲ್ಲಿ ಬಿಡುಗಡೆ. ಎರಡೂ ಇವತ್ತೇ ಮುಗಿಸಿ ಕೊಡ್ತೀನಿ."

ಬಾಗಿಲ ಬಳಿ ನಿಂತಿದ್ದ ಜನ ಕಿಸಕ್ಕೆಂದರು. ಕಿಮ್ ಲೆಂಗ್ ಆಗಲಿ ಎಂದು ತಲೆಯಾಡಿಸಿದ. ಲಮುನ್ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದಳು. ಗುಮಾಸ್ತ ಮೊದಲ ಪುಸ್ತಕ ತೆರೆದು, ಇಬ್ಬರ ಹೆಸರು ಬರೆದು, ಓದಿದ.

"ಸ್ವಂತ ಇಷ್ಟದಿಂದ ಮದುವೆ ಆಗ್ತಿದ್ದೀರಾ?"

"ಹೌದು," ಎಂದ ಕಿಮ್ ಲೆಂಗ್.

"ನೀವಮ್ಮ?"

 ಇಷ್ಟು ವಾರಗಳಲ್ಲಿ ಅವಳ ಮುಂದೆ ಕಾನೂನು ಓದಿದ್ದರು, ನ್ಯಾಯ ಹೇಳಿದ್ದರು, ದೇಶದ ಕಥೆ ಹೇಳಿದ್ದರು. ನಿನಗೆ ಇಷ್ಟವೇ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಿದವನು ಅವಳನ್ನು ಚೀನಾದವಳೆಂದ ಈ ಗುಮಾಸ್ತ ಹುಡುಗ.

"ಹೌದು. ಅವತ್ತೂ ಇಷ್ಟ ಇತ್ತು," ಎಂದಳು. ಸಹಿ ಹಾಕಿದಳು. ಪೂನ್ ಮತ್ತು ಜವಾನ ಸಾಕ್ಷಿ ಹಾಕಿದರು. ಬಿಡುಗಡೆಗೆಂದು ಬಂದ ಮುದುಕ ಮದುವೆಗೆ ಸಹಿ ಹಾಕುವಾಗ ಹಲ್ಲು ಕಡಿಯುತ್ತಿದ್ದ.

ಗುಮಾಸ್ತ ಮುದ್ರೆ ಒತ್ತಿ, ಪುಸ್ತಕದಿಂದ ಪತ್ರ ಬಿಡಿಸಿ ಅವಳ ಕೈಗೆ ಕೊಟ್ಟು, ಎರಡನೆಯ ಪುಸ್ತಕ ಎಳೆದುಕೊಂಡ. ಅವನು ಕೇಳುವ ಮುಂಚೆಯೇ ಕಿಮ್ ಲೆಂಗ್ "ಹೌದು, ಇಷ್ಟದಿಂದಲೇ" ಎಂದು ಸಹಿ ಹಾಕಿದ. ಪೂನ್ ಈ ಸಲ ಸರಸರನೆ ಬರೆದ. ಉದೋಮ್ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ತಾಯಿಯ ಕೈಗೆ ಹಿಡಿಸಿ, "ಇಲ್ಲಿ ಅಮ್ಮಾ, ಈ ಗೆರೆ ಮೇಲೆ" ಎಂದು ಬೆರಳಿಟ್ಟು ತೋರಿಸಿದ.

"ನೀವಮ್ಮ? ಸ್ವಂತ ಇಷ್ಟದಿಂದಲೇ ಬಿಡುಗಡೆ?"

"ಇಲ್ಲ."

ಗುಮಾಸ್ತ ತಲೆ ಎತ್ತಿದ. "ಏನಂದ್ರಿ?"

"ಇಲ್ಲ ಅಂದೆ. ನನಗೆ ಇಷ್ಟ ಇಲ್ಲ." ಲಮುನ್ ಲೇಖನಿಯನ್ನು ಮೇಜಿನ ಮೇಲಿಟ್ಟಳು. "ನೀವು ಕೇಳಿದ್ರಿ, ನಾನು ಹೇಳಿದೆ."

"ಅಮ್ಮಾ!" ಉದೋಮ್ ಅವಳ ತೋಳು ಹಿಡಿದ. "ಏನು ಮಾಡ್ತಿದ್ದೀಯ? ಇನ್ನು ವಾರದಲ್ಲಿ ಅಂಗಡಿಗೆ ಬೀಗ ಹಾಕ್ತಾರೆ!"

"ಹಾಕಲಿ. ನೀನು ಮೈದಾನಕ್ಕೆ ಹೋಗಿ ಇನ್ನೊಂದು ಸಲ ಚಪ್ಪಾಳೆ ತಟ್ಟು."

"ಮಗಳೇ, ಕೈಗೆ ಬಂದಿದ್ದನ್ನ ಬಿಡಬೇಡ," ಎಂದ ಪೂನ್. "ಚೀನಾದವಳಾಗಿ ಸಾಯ್ತೀಯಾ? ಹವಾಲ್ದಾರನ ಮಗಳು?"

"ಹವಾಲ್ದಾರನ ಮಗಳು ಹತ್ತು ವರ್ಷದಿಂದ ಹವಾಲ್ದಾರನಿಗೆ ಅನ್ನ ಹಾಕಿದ್ದು ಈ ಚೀನಾದವನ ದುಡಿಮೇಲಿ. ಆ ಅನ್ನ ಗಂಟಲಲ್ಲಿ ಇಳಿಯೋವಾಗ ಯಾವ ಮಹಾರಾಜರೂ ಅಡ್ಡ ಬರಲಿಲ್ಲ."

ಗುಮಾಸ್ತ ಮೆಲ್ಲಗೆ, "ಅಮ್ಮಾ, ಇನ್ನು ನಿಮ್ಮನ್ನ ಹೊರದೇಶದವಳು ಅಂತ ಬರೆದುಕೊಳ್ಳಬೇಕಾಗತ್ತೆ," ಎಂದ.

"ಬರ್ಕೊಳ್ಳಿ. ಚೆನ್ನಾಗಿ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ. ನೀವು ಬರೆದಿದ್ದನ್ನ ನೀವೇ ಓದ್ಕೊಂಡು ಕೂತಿರಿ."

ಆಗ ಕಿಮ್ ಲೆಂಗ್ ಸಿಟ್ಟಿನಿಂದ ಮುಂದೆ ಬಂದ.  "ಹುಚ್ಚು ಹಿಡೀತಾ ಮುನ್ ನಿನಗೆ? ಅಂಗಡಿ ಹೋದ್ರೆ ನಾಳೆಯಿಂದ ಏನು ತಿನ್ನೋದು?"

 ಲಮುನ್ ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಖಾಕಿ ತೊಟ್ಟ ಮಗನನ್ನು ನೋಡಿದಳು.

"ನಾಳೆ ಏನು ತಿನ್ನೋದು ಅಂತ ಆ ಮನೇಲಿ ಇಪ್ಪತ್ತು ವರ್ಷದಿಂದ ಯೋಚನೆ ಮಾಡಿದ್ದು ನಾನೊಬ್ಬಳೇ. ನೀವು ಮೂರೂ ಜನ ದೇಶದ ಬಗ್ಗೆ ಯೋಚನೆ ಮಾಡ್ತಿದ್ರಿ. ಇವತ್ತು ಬದಲಾಯಿಸ್ಕೊಳ್ಳೋಣ. ಅನ್ನದ ಚಿಂತೆ ನೀವು ಮಾಡಿ."

ಮದುವೆ ಪತ್ರವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಅವಳು ಮೆಟ್ಟಿಲಿಳಿದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಲಿಲ್ಲ.